ಲ್ಯಾಬ್, ಕಚೇರಿ, ಗೇಮಿಂಗ್ ಕೊಠಡಿ: ಒಂದೇ ಜಾಲವನ್ನು ನಾನು ವಿಂಗಡಿಸಿದ ಬಗೆ

ನಾನು ಕೆಲಸ ಮಾಡುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಚೇರಿಯ ಲೆಕ್ಕಪತ್ರದ ಕಂಪ್ಯೂಟರ್‌ಗಳು, ಆನ್‌ಲೈನ್ ಪರೀಕ್ಷೆ ನಡೆಯುವ ಲ್ಯಾಬ್, ಹಾಸ್ಟೆಲ್ ವೈಫೈ ಮತ್ತು ವಿದ್ಯಾರ್ಥಿಗಳ ಇ-ಸ್ಪೋರ್ಟ್ಸ್ ಕೊಠಡಿ ಎಲ್ಲವೂ ಒಂದೇ ಇಂಟರ್ನೆಟ್ ಸಂಪರ್ಕವನ್ನು ಹಂಚಿಕೊಳ್ಳುತ್ತವೆ. ನೆಟ್‌ವರ್ಕಿನ ಹೊಣೆ ನನಗೆ ಬಂದಾಗ ಇವೆಲ್ಲ ಒಂದರೊಳಗೊಂದು ಬೆರೆತುಹೋಗಿದ್ದವು. ಹಾಸ್ಟೆಲ್ ಕೋಣೆಯ ಲ್ಯಾಪ್‌ಟಾಪಿನಲ್ಲಿ ಕಚೇರಿಯ ಪ್ರಿಂಟರ್ ಕಾಣಿಸುತ್ತಿತ್ತು. ಇಂಥ ಸ್ಥಿತಿಯಲ್ಲಿ ಆಡಳಿತದವರಿಂದ ಮೊದಲು ಬರುವ ಸೂಚನೆ "ಗೇಮ್‌ಗಳನ್ನೆಲ್ಲ ಬ್ಲಾಕ್ ಮಾಡಿಬಿಡಿ" ಎಂಬುದು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾವ ಸಾಧನ ಎಲ್ಲಿಗೆ ಸೇರಿದ್ದು ಎಂಬುದು ತೀರ್ಮಾನವಾಗದ ಹೊರತು ಯಾವುದನ್ನು ತಡೆಯಬೇಕೆಂಬ ಪ್ರಶ್ನೆಗೆ ಅರ್ಥವಿಲ್ಲ, ಮತ್ತು ಆ ತೀರ್ಮಾನ ಸರಿಯಾಗಿ ಆದರೆ ತಡೆಯಬೇಕಾದದ್ದು ಬಹಳ ಕಡಿಮೆ ಉಳಿಯುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು.

ಆದ್ದರಿಂದ ಕೆಲಸ ವಿ-ಲ್ಯಾನ್‌ಗಳಿಂದ, ಅಂದರೆ ಒಂದೇ ಉಪಕರಣಗಳ ಮೇಲೆ ಬೇರೆ ಬೇರೆಯಾಗಿ ಓಡುವ ಜಾಲಗಳಿಂದ, ಆರಂಭವಾಯಿತು. ಕಚೇರಿ, ಲ್ಯಾಬ್, ಹಾಸ್ಟೆಲ್, ಗೇಮಿಂಗ್ ಕೊಠಡಿ ಮತ್ತು ಸ್ವಿಚ್‌ಗಳ (ಜಾಲದ ಕೇಬಲ್‌ಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆಗಳು) ನಿರ್ವಹಣೆ ಇವುಗಳಿಗೆ ಬೇರೆ ಬೇರೆ ವಿ-ಲ್ಯಾನ್ ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಸಂಚಾರವನ್ನು ಸೋಸುವ ಫೈರ್‌ವಾಲ್ ಮೂಲಕ ಮಾತ್ರ ಇರುವಂತೆ ಮಾಡಿದೆ. ನಿಯಮಗಳು ಸರಳ. ಗೇಮಿಂಗ್ ಕೊಠಡಿಗೆ ಇಂಟರ್ನೆಟ್ ಇದೆ, ಒಳಗಿನ ಯಾವ ಸರ್ವರೂ ಇಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಲ್ಯಾಬ್‌ಗೆ ಪರೀಕ್ಷಾ ಸರ್ವರ್ ಬಿಟ್ಟು ಬೇರೇನೂ ಇಲ್ಲ.

ಯಾರು ಯಾವ ವಿ-ಲ್ಯಾನ್‌ಗೆ ಹೋಗಬೇಕೆಂಬುದನ್ನು ಗೋಡೆಯ ಸಾಕೆಟ್ ನಿರ್ಧರಿಸಬಾರದು, ವ್ಯಕ್ತಿ ನಿರ್ಧರಿಸಬೇಕು. ಇದಕ್ಕಾಗಿ 802.1ಎಕ್ಸ್ ಎಂಬ, ಗುರುತು ಪರಿಶೀಲಿಸಿದ ಮೇಲಷ್ಟೇ ಜಾಲಕ್ಕೆ ಬಿಡುವ ವ್ಯವಸ್ಥೆಯನ್ನು ಜಾರಿಗೆ ತಂದೆ. ಕೇಬಲ್ ಚುಚ್ಚಿದ ತಕ್ಷಣ ಸ್ವಿಚ್ ಪೋರ್ಟ್ ತೆರೆದುಕೊಳ್ಳುವುದಿಲ್ಲ. ಗುರುತು ಪರಿಶೀಲನೆಯ ಮಾತುಕತೆಯನ್ನು ಮಾತ್ರ ಬಿಟ್ಟುಕೊಂಡು, ಅದನ್ನು ಗುರುತು ಪರೀಕ್ಷಿಸುವ ರೇಡಿಯಸ್ ಸರ್ವರಿನ 1812ನೇ ಯುಡಿಪಿ ಪೋರ್ಟಿಗೆ ದಾಟಿಸುತ್ತದೆ. ಸರ್ವರ್ ಒಪ್ಪಿದರೆ, ಈ ವ್ಯಕ್ತಿಯನ್ನು ಇಂಥ ವಿ-ಲ್ಯಾನ್‌ಗೆ ಹಾಕು ಎಂದೂ ಅದೇ ಉತ್ತರದಲ್ಲಿ ತಿಳಿಸುತ್ತದೆ. ಇದಕ್ಕೆ ನಾವು ಬಳಸುವ ತಂತ್ರಾಂಶ ಫ್ರೀರೇಡಿಯಸ್. ಕಚೇರಿಯ ಯಂತ್ರಗಳಿಗೆ ಡಿಜಿಟಲ್ ಪ್ರಮಾಣಪತ್ರ, ವಿದ್ಯಾರ್ಥಿಗಳಿಗೆ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಪಾಸ್‌ವರ್ಡ್ ಬಳಸುವ ಕಡೆ, ಸರ್ವರಿನ ಪ್ರಮಾಣಪತ್ರವನ್ನು ಫೋನ್ ಪರೀಕ್ಷಿಸಲೇಬೇಕೆಂಬ ಸೆಟ್ಟಿಂಗ್ ಇರದಿದ್ದರೆ, ಅದೇ ಹೆಸರಿನ ನಕಲಿ ವೈಫೈ ಹಾಕಿಕೊಂಡು ಕೂತ ಯಾರಾದರೂ ಲಾಗಿನ್ ವಿವರಗಳಿಗೆ ಬಲೆ ಬೀಸಬಹುದು. ಹಾಸ್ಟೆಲ್ ಪ್ರವೇಶದ ವೇಳೆ ಈ ಸೆಟ್ಟಿಂಗನ್ನು ನಾವೇ ಫೋನಿಗೆ ಹಾಕಿಕೊಡುತ್ತೇವೆ.

ಗೇಮಿಂಗ್ ಕನ್ಸೋಲ್‌ಗಳ ಕಥೆ ಬೇರೆ. ನಮ್ಮಲ್ಲಿರುವ ಪ್ಲೇಸ್ಟೇಷನ್, ನಿಂಟೆಂಡೋ ಸ್ವಿಚ್‌ಗಳಿಗೆ 802.1ಎಕ್ಸ್ ಬರುವುದಿಲ್ಲ. ಅವುಗಳ ಮ್ಯಾಕ್ ವಿಳಾಸಗಳನ್ನು (ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆ) ಪಟ್ಟಿ ಮಾಡಿ, ಆ ಪಟ್ಟಿಯಲ್ಲಿದ್ದರೆ ಮಾತ್ರ ಗೇಮಿಂಗ್ ವಿ-ಲ್ಯಾನ್‌ಗೆ ಬಿಡುವ ವ್ಯವಸ್ಥೆ ಮಾಡಿದ್ದೇನೆ. ಮ್ಯಾಕ್ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ನಕಲು ಮಾಡಿದವನಿಗೂ ಇಂಟರ್ನೆಟ್ ಬಿಟ್ಟು ಬೇರೇನೂ ಸಿಗದಂತೆ ಆ ವಿ-ಲ್ಯಾನ್ ಇರುವುದರಿಂದ ನಾನು ಈ ರಿಯಾಯಿತಿಗೆ ಒಪ್ಪಿದ್ದು. ಫೋನ್‌ಗಳಿಗೆ ಈ ಪಟ್ಟಿ ಉಪಯೋಗವಿಲ್ಲ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದೀಚೆಗೆ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ಮುಚ್ಚಿಟ್ಟು ತಾವೇ ಸೃಷ್ಟಿಸಿದ ವಿಳಾಸವನ್ನು ತೋರಿಸುತ್ತವೆ. ವಿಳಾಸದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಇಂಥದ್ದೇ ಎಂದು ಬಹುಮಟ್ಟಿಗೆ ಹೇಳಬಹುದು. ಖಾಸಗಿತನಕ್ಕೆ ಅದು ಒಳ್ಳೆಯದೇ, ಅದನ್ನು ಆಫ್ ಮಾಡಿ ಬನ್ನಿ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳುವುದಿಲ್ಲ.

802.1ಎಕ್ಸ್ ಇನ್ನೂ ಲ್ಯಾಬ್ ತಲುಪಿರದ ದಿನಗಳಲ್ಲಿ, ಒಮ್ಮೆ ಬೆಳಿಗ್ಗೆ ಬೋಧಕರೊಬ್ಬರು ಫೋನ್ ಮಾಡಿ, "ಸರ್, ಅರ್ಧ ಸಿಸ್ಟಮ್‌ಗಳಿಗೆ ನೆಟ್ ಬರ್ತಾ ಇಲ್ಲ, ಇನ್ನರ್ಧ ಚೆನ್ನಾಗಿವೆ" ಎಂದರು. ಹೋಗಿ ನೋಡಿದರೆ, ಕೆಟ್ಟ ಯಂತ್ರಗಳಲ್ಲಿ 10ರಿಂದ ಶುರುವಾಗಬೇಕಿದ್ದ ಐಪಿ ವಿಳಾಸದ ಜಾಗದಲ್ಲಿ 192.168.0 ಎಂದು ಶುರುವಾಗುವ ವಿಳಾಸ ಕೂತಿತ್ತು. ಅವುಗಳ ಗೇಟ್‌ವೇಯ (ಹೊರಜಾಲಕ್ಕೆ ದಾರಿ ಕೊಡುವ ಸಾಧನ) ಮ್ಯಾಕ್ ವಿಳಾಸ ಹಿಡಿದು, ಸ್ವಿಚ್‌ನ ಟೇಬಲ್‌ನಲ್ಲಿ ಅದು ಯಾವ ಪೋರ್ಟಿನಲ್ಲಿದೆ ಎಂದು ನೋಡಿ, ಕೇಬಲ್ ಬೆನ್ನುಹತ್ತಿ ಹೋದರೆ ಕೊನೆಯ ಬೆಂಚಿನ ಕೆಳಗೆ ಪ್ರಾಜೆಕ್ಟ್‌ಗೆಂದು ತಂದಿದ್ದ ಮನೆಬಳಕೆಯ ರೂಟರ್ ಇತ್ತು. ಅದರ ಲ್ಯಾನ್ ಪೋರ್ಟನ್ನು ಗೋಡೆಗೆ ಜೋಡಿಸಿದ್ದರಿಂದ ಅದೂ ವಿಳಾಸ ಹಂಚತೊಡಗಿತ್ತು. ಅಂದೇ ಎಲ್ಲ ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸಂದೇಶಗಳ ಮೇಲಿನ ಕಾವಲು) ಚಾಲೂ ಮಾಡಿ, ನಮ್ಮ ಸರ್ವರಿನ ಕಡೆಗಿರುವ ಪೋರ್ಟ್ ಒಂದನ್ನೇ ನಂಬುವಂತೆ ಹೊಂದಿಸಿದೆ. ಸ್ನೂಪಿಂಗ್ ಕಟ್ಟಿಕೊಳ್ಳುವ ಪಟ್ಟಿಯನ್ನೇ ಆಧರಿಸಿ ಸುಳ್ಳು ಎಆರ್‌ಪಿ ಉತ್ತರಗಳನ್ನೂ (ಒಂದು ಐಪಿ ವಿಳಾಸ ಯಾವ ಮ್ಯಾಕ್‌ನದು ಎಂದು ತಿಳಿಸುವ ಉತ್ತರಗಳು) ತಡೆಯಬಹುದು. ಆಟದ ನಡುವೆ ಎದುರಾಳಿಯನ್ನು ಸಂಪರ್ಕದಿಂದ ಬೀಳಿಸಲು ಬಳಸುವ ಅಗ್ಗದ ಉಪಾಯಗಳಲ್ಲಿ ಇಂಥ ಸುಳ್ಳು ಉತ್ತರ ಕಳಿಸುವುದೂ ಒಂದು.

ಇನ್ನು ಸಂಚಾರದ ವಿಚಾರ. ಸಂಜೆ ಹಾಸ್ಟೆಲ್ ತುಂಬುತ್ತಿದ್ದಂತೆ ಇ-ಸ್ಪೋರ್ಟ್ಸ್ ಕೊಠಡಿಯಿಂದ ಲ್ಯಾಗ್ (ಆಟ ತಡವಾಗಿ ಸ್ಪಂದಿಸುವುದು) ಎಂಬ ದೂರು ಬರುತ್ತಿತ್ತು. ಎಲ್ಲರೂ ಸೂಚಿಸಿದ್ದು ಇನ್ನೂ ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಎಂದು. ಆದರೆ ಆನ್‌ಲೈನ್ ಆಟಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ನೂರು ಕಿಲೋಬಿಟ್ ಸಾಕು; ಅದಕ್ಕೆ ಬೇಕಾದದ್ದು ಕಾಯದೆ ಹೋಗುವ ಅವಕಾಶ. ಉತ್ತರ ಮರಳಲು ಹಿಡಿಯುವ ಸಮಯ ಅಳೆಯುವ ಪಿಂಗ್ ಓಡಿಸಿಟ್ಟು ಪಕ್ಕದಲ್ಲಿ ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡಿದಾಗ, ನಲವತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದ ಅಂಕಿ ನೋಡನೋಡುತ್ತಿದ್ದಂತೆ ಮುನ್ನೂರು ದಾಟಿತು, ಅಪ್‌ಲೋಡ್ ನಿಲ್ಲಿಸಿದೊಡನೆ ಇಳಿಯಿತು. ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ತುಣುಕುಗಳು, ಮೋಡೆಮ್ಮಿನ ದೊಡ್ಡ ಬಫರಿನಲ್ಲಿ (ತಾತ್ಕಾಲಿಕ ಶೇಖರಣೆ) ಸಾಲುಗಟ್ಟಿ ನಿಂತಿದ್ದವು.

ಇದಕ್ಕೆ ಮದ್ದು ಈಗಾಗಲೇ ಇದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ, ಸಾಲಿನಲ್ಲಿ ಎಷ್ಟು ಪ್ಯಾಕೆಟ್‌ಗಳಿವೆ ಎಂದು ನೋಡದೆ ಪ್ರತಿಯೊಂದೂ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವಿಕೆ 100 ಮಿಲಿಸೆಕೆಂಡುಗಳ ಕಾಲ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಕೆಲವು ಪ್ಯಾಕೆಟ್‌ಗಳನ್ನು ಎಸೆಯಲಾರಂಭಿಸಿ ಕಳಿಸುವವರಿಗೆ ನಿಧಾನಿಸುವ ಸೂಚನೆ ಕೊಡುತ್ತದೆ. ಅದೇ ತಳಹದಿಯ ಮೇಲೆ ಬೆಳೆದು 2018ರಲ್ಲಿ ಲಿನಕ್ಸ್ ಕರ್ನೆಲ್ 4.19ಕ್ಕೆ ಸೇರಿದ 'ಕೇಕ್' ಎಂಬ ಸಾಲು ನಿರ್ವಹಣೆಯ ವಿಧಾನವನ್ನು ನಮ್ಮ ಗೇಟ್‌ವೇಯಲ್ಲಿ ಹಾಕಿದೆ. ವೇಗದ ಮಿತಿಯನ್ನು ನಿಜವಾದ ಸಂಪರ್ಕದ ಶೇ. 90ರಷ್ಟಕ್ಕೆ ಇಟ್ಟದ್ದರಿಂದ ಸಾಲು ಮೋಡೆಮ್ಮಿನಲ್ಲಿ ಕಟ್ಟುವ ಬದಲು ನಮ್ಮ ಹತೋಟಿಯಲ್ಲಿ ಕಟ್ಟತೊಡಗಿತು. ಕೇಕ್ ಒಂದೊಂದು ಸಾಧನಕ್ಕೂ ಸಮಪಾಲು ಕೊಡುವುದರಿಂದ, ಒಬ್ಬ ನೂರು ಸಂಪರ್ಕ ತೆರೆದು ಟೊರೆಂಟ್ ಇಳಿಸಿದರೂ ಪಕ್ಕದವನ ಆಟಕ್ಕೆ ಧಕ್ಕೆಯಿಲ್ಲ. ಸಂಜೆಯ ದೂರುಗಳು ನಿಂತವು, ಪ್ಲಾನ್ ಬದಲಿಸಲಿಲ್ಲ, ಯಾವ ಗೇಮನ್ನೂ ತಡೆಯಲಿಲ್ಲ.

ಕನ್ಸೋಲ್‌ಗಳು ತಮಗೆ ಬೇಕಾದ ಪೋರ್ಟನ್ನು ತಾವೇ ತೆರೆದುಕೊಳ್ಳುವ ಯುಪಿಎನ್‌ಪಿ ಸೌಲಭ್ಯಕ್ಕೆ ಮಾತ್ರ ನಾನು ಅವಕಾಶ ಕೊಟ್ಟಿಲ್ಲ. ಬಾಗಿಲು ತೆರೆಯಲು ಯಾವ ಪ್ರೋಗ್ರಾಂ ಕೇಳಿತು ಎಂಬ ವಿಚಾರಣೆ ಅದರಲ್ಲಿಲ್ಲ. ಎಕ್ಸ್‌ಬಾಕ್ಸ್‌ಗೆ ಬೇಕಾದ 3074ನೇ ಪೋರ್ಟನ್ನು ಆ ಯಂತ್ರವೊಂದಕ್ಕೆ ಕೈಯಾರೆ ಬರೆದುಕೊಟ್ಟಿದ್ದೇನೆ.

ದಾಖಲೆಗಳ ವಿಷಯದಲ್ಲಿ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವನ್ನು ಪಾಲಿಸುತ್ತೇವೆ: ಲಾಗ್‌ಗಳು 180 ದಿನ ಉಳಿಯಬೇಕು, ಗಡಿಯಾರಗಳು ಒಂದೇ ಸಮಯ ತೋರಿಸಬೇಕು. ರೇಡಿಯಸ್ ಲಾಗ್ ಮತ್ತು ಡಿಎಚ್‌ಸಿಪಿ ಲಾಗ್ ನಡುವೆ ಎರಡು ನಿಮಿಷ ಅಂತರವಿದ್ದರೂ ತಪ್ಪು ವಿದ್ಯಾರ್ಥಿಯ ಮೇಲೆ ಬೆರಳು ತೋರಿಸಿದಂತಾಗುತ್ತದೆ. ಉಳಿದಿರುವ ಕೆಲಸ ಸಿಸಿಟಿವಿ ಕ್ಯಾಮೆರಾಗಳದ್ದು. ಅವು ಇನ್ನೂ ಲ್ಯಾಬ್‌ನ ವಿ-ಲ್ಯಾನ್‌ನಲ್ಲೇ ಇವೆ, ಬೇಸಿಗೆ ರಜೆಯಲ್ಲಿ ಅವನ್ನು ಇಂಟರ್ನೆಟ್ ಇಲ್ಲದ ಬೇರೆ ವಿ-ಲ್ಯಾನ್‌ಗೆ ಸಾಗಿಸಲಿದ್ದೇನೆ.