ತಾಲ್ಲೂಕಿನಲ್ಲಿ ವಕೀಲರನ್ನು ಇಡುವ ಮುನ್ನ

ಬೆಳಿಗ್ಗೆ ಹತ್ತೂವರೆಗೆ ಯಾವುದೇ ತಾಲ್ಲೂಕು ಕೋರ್ಟಿನ ಮುಂದೆ ಹೋಗಿ ನಿಲ್ಲಿ. ಜೆರಾಕ್ಸ್ ಅಂಗಡಿಯವನು ಒಬ್ಬರ ಹೆಸರು ಹೇಳುತ್ತಾನೆ, ಟೀ ಅಂಗಡಿಯವನು ಇನ್ನೊಬ್ಬರದು. ಇಬ್ಬರದೂ ಒಂದೇ ಶಿಫಾರಸು: ‘ಭಾರಿ ಲಾಯರ್ರು ಸಾರ್.’ ಬೆಳಿಗ್ಗೆ ಚೆಕ್ ಬೌನ್ಸ್, ಮಧ್ಯಾಹ್ನ ಪಾಲಿನ ದಾವೆ, ಸಂಜೆ ಯಾರದೋ ಕ್ರಯಪತ್ರ. ಸಣ್ಣ ಊರಿನ ವಕೀಲರು ಎಲ್ಲವನ್ನೂ ನೋಡುತ್ತಾರೆ. ಅದರಲ್ಲಿ ತಪ್ಪಿಲ್ಲ, ಒಂದೇ ಬಗೆಯ ಕೇಸು ನೆಚ್ಚಿದರೆ ತಾಲ್ಲೂಕಿನಲ್ಲಿ ಸಂಸಾರ ಸಾಗದು. ತೊಡಕಿರುವುದು ಬೇರೆ ಕಡೆ. ಅವರು ಊರಿನವರು, ನಿಮ್ಮನ್ನು ಬಲ್ಲಷ್ಟೇ ನಿಮ್ಮ ಎದುರಾಳಿಯನ್ನೂ ಬಲ್ಲರು.

ಮೊದಲು ಯಾವ ಬಾಗಿಲು ಎಂದು ತಿಳಿಯಿರಿ

‘ಜಮೀನಿನ ಕೇಸು’ ಎಂದರೆ ಸಾಲದು. ಜಮೀನು ಯಾರದು ಎಂಬ ಜಗಳವಾದರೆ ಸಿವಿಲ್ ಕೋರ್ಟು. ತಹಶೀಲ್ದಾರ್ ಕಚೇರಿಯಲ್ಲಿ ಖಾತೆ ಬದಲಾವಣೆ ತಪ್ಪಾಗಿದೆ ಎಂದಾದರೆ, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ.ಗೆ, ಮೇಲ್ಮನವಿ. ತುರುವೇಕೆರೆಯವರಾದರೆ ಅದಕ್ಕೆ ತಿಪಟೂರಿಗೆ ಓಡಾಡಬೇಕು. ಹಾಗಾಗಿ ನಿಮ್ಮೂರಿನ ಕೋರ್ಟಿನಲ್ಲಿ ಹೆಸರಾದವರು ಎ.ಸಿ. ಕೋರ್ಟಿಗೆ ಹೋಗುತ್ತಾರೋ ಇಲ್ಲವೋ ಕೇಳಿಕೊಳ್ಳಿ. ಅನೇಕರು ಹೋಗುವುದಿಲ್ಲ, ಜೂನಿಯರನ್ನು ಕಳಿಸುತ್ತಾರೆ.

ಕಾಗದ ಜೋಡಿಸಿ

ಪಹಣಿ, ಎಂ.ಆರ್. (ಖಾತೆ ಬದಲಾವಣೆಯ ದಾಖಲೆ) ಪ್ರತಿ, ಕ್ರಯಪತ್ರ ಅಥವಾ ಭಾಗಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ), ವಂಶವೃಕ್ಷ. ಮೂಲಪತ್ರ ಮನೆಯಲ್ಲೇ ಇರಲಿ, ಜೆರಾಕ್ಸ್ ಒಯ್ಯಿರಿ. ಸಮನ್ಸೋ ನೋಟಿಸೋ ಬಂದಿದ್ದರೆ ಕೈಗೆ ಬಂದ ತಾರೀಕನ್ನು ಅದರ ಮೇಲೆಯೇ ಬರೆದಿಡಿ. ಸಿವಿಲ್ ದಾವೆಗೆ ಪ್ರತಿವಾದಿ ಉತ್ತರ ಕೊಡಲು ಸಿಗುವುದು ಸಮನ್ಸ್ ತಲುಪಿದ ದಿನದಿಂದ 30 ದಿನ, ಕೋರ್ಟು ಒಪ್ಪಿದರೆ 90. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಹೋಗಬೇಕು. ‘ಹಬ್ಬ ಕಳೀಲಿ, ಆಮೇಲೆ ಲಾಯರ್ ಹತ್ರ ಹೋಗೋಣ’ ಎಂದವರು ಕಳೆದುಕೊಳ್ಳುವುದು ಈ ದಿನಗಳನ್ನೇ.

ಈ ಕಾಗದಗಳು ವಕೀಲರನ್ನು ಅಳೆಯುವುದಕ್ಕೂ ಆಗುತ್ತವೆ. ಪಹಣಿ ಕೈಗೆ ಕೊಟ್ಟು ಅವರ ಬೆರಳನ್ನು ನೋಡುತ್ತಿರಿ. ಕೆಲಸ ಬಲ್ಲವರ ಬೆರಳು 9ನೇ ಕಾಲಂನ ಮಾಲೀಕರ ಹೆಸರಿನಲ್ಲಿ ನಿಲ್ಲುವುದಿಲ್ಲ. ಆ ಹೆಸರು ಹೇಗೆ ಬಂತೆಂದು 10ಕ್ಕೆ ಸರಿಯುತ್ತದೆ, ಅಲ್ಲಿಂದ ಸಾಲ, ಋಣ ಏನಿದೆಯೆಂದು 11ಕ್ಕೆ. ಆಮೇಲೆ ತಲೆ ಎತ್ತಿ, ‘ಅಕ್ಕತಂಗಿಯರು ಎಷ್ಟು ಜನ? ಅವರ ಸಹಿ ಎಲ್ಲಿ?’ ಎನ್ನುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯೇ ಹೇಳಿದೆ. ತಂದೆ ಅಷ್ಟರೊಳಗೆ ತೀರಿಕೊಂಡಿದ್ದರೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟ ಮಾಡಿದೆ. ಈ ಪ್ರಶ್ನೆ ಕೇಳದೆ, ಪಹಣಿ ಮಡಚಿಟ್ಟು, ‘ಗೆದ್ದುಕೊಡ್ತೀನಿ ಬಿಡ್ರಿ’ ಎಂದವರ ಆಫೀಸಿನಿಂದ ಮೆಲ್ಲಗೆ ಎದ್ದು ಬನ್ನಿ.

ಕಥೆಗೆ ಮುಂಚೆ ಎದುರಾಳಿಯ ಹೆಸರು

ಹೆಚ್ಚಿನವರು ಎಡವುವುದು ಇಲ್ಲೇ. ಕುರ್ಚಿಯಲ್ಲಿ ಕೂತ ಕೂಡಲೇ ಅಜ್ಜನ ಕಾಲದಿಂದ ಶುರು ಮಾಡಿ, ಒಳಗಿನ ಗುಟ್ಟೆಲ್ಲ ಹೇಳಿ, ಕೊನೆಗೆ ದಾಯಾದಿಯ ಹೆಸರು ಹೇಳುತ್ತಾರೆ. ಆಗ ವಕೀಲರು, ‘ಅಯ್ಯೋ, ಅವರು ನಮ್ಮ ಕಕ್ಷಿದಾರರು’ ಎನ್ನಬೇಕೆ! ಆದ್ದರಿಂದ ಮೊದಲ ಮಾತೇ ಇದಾಗಲಿ: ‘ಸಾರ್, ಎದುರು ಪಾರ್ಟಿ ಇಂಥವರು. ನೀವು ಅವರ ಕಡೆ ಯಾವತ್ತಾದರೂ ವಕಾಲತ್ತು ಹಾಕಿದ್ದೀರಾ?’ ಒಂದೇ ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟವರು ಇನ್ನೊಬ್ಬರ ಪರ ನಿಲ್ಲಬಾರದು ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಆದರೆ ನೆಂಟಸ್ತನ, ಸೊಸೈಟಿ ಚುನಾವಣೆಯ ಋಣ ಇಂಥವು ನಿಯಮಕ್ಕೆ ಸಿಗುವುದಿಲ್ಲ. ಅದನ್ನು ನೀವೇ ಊರಲ್ಲಿ ವಿಚಾರಿಸಬೇಕು.

ಇನ್ನು ವಿಚಾರಿಸುವುದು ಯಾರನ್ನು? ಕೇಸು ಮುಗಿಸಿಕೊಂಡವರನ್ನು. ಸೋತವರಾದರೆ ಇನ್ನೂ ಒಳ್ಳೆಯದು, ಸೋತೂ ಅದೇ ವಕೀಲರನ್ನು ಹೊಗಳುವವರು ಸಿಕ್ಕರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನ ಮೇಲೆ ಅರ್ಧ ದಿನ ಕೂತು ಬನ್ನಿ, ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಎಳೆಯುವವರು ಯಾರು, ಪ್ರತಿ ಸಲ ‘ಟೈಮ್ ಕೊಡಿ ಸ್ವಾಮಿ’ ಎನ್ನುವವರು ಯಾರು ಎಂದು ಕಣ್ಣಿಗೇ ಕಾಣುತ್ತದೆ.

ಫೀಸು

ಕೇಳಲು ಸಂಕೋಚ ಬೇಡ. ಇಡೀ ಕೇಸಿಗೆ ಒಟ್ಟು ಎಷ್ಟು, ಯಾವ ಹಂತದಲ್ಲಿ ಎಷ್ಟು, ಪ್ರತಿ ವಾಯಿದೆಗೂ ಬೇರೆ ಕೊಡಬೇಕೆ, ಗುಮಾಸ್ತರದು ಇದರಲ್ಲೇ ಸೇರಿದೆಯೆ, ಕೋರ್ಟ್ ಶುಲ್ಕ ಎಷ್ಟು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ನೀವೇ ವಾಟ್ಸ್ಆ್ಯಪ್‌ನಲ್ಲಿ ‘ಸಾರ್, ಇವತ್ತು ಮಾತಾಡಿದ್ದು ಇಷ್ಟು’ ಎಂದು ಕಳಿಸಿಬಿಡಿ. ದುಡ್ಡು ಫೋನ್‌ಪೇಯಲ್ಲಿ ಹೋದರೆ ಲೆಕ್ಕವೂ ಉಳಿಯುತ್ತದೆ. ಅಪಘಾತ ಪರಿಹಾರದ ಕೇಸಿನಲ್ಲಿ ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎಂಬ ಮಾತು ಬರುವುದುಂಟು. ಗೆದ್ದ ಹಣದಲ್ಲಿ ಪಾಲು ಕೇಳುವುದು ಪರಿಷತ್ತಿನ ನಿಯಮಕ್ಕೆ ವಿರುದ್ಧ.

ಕೊಡುವ ಶಕ್ತಿ ಇಲ್ಲದಿದ್ದರೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಸಹಿ ಹಾಕುವಾಗ

ವಕಾಲತ್ತಿಗೆ ಸಹಿ ಮಾಡಿದರೆ ನಿಮ್ಮ ಪರ ನಿಲ್ಲುವ ಅಧಿಕಾರ ಅವರಿಗೆ. ಅದನ್ನು ಓದಿ, ಅರ್ಥವಾಗದಿದ್ದರೆ ಓದಿಸಿ ಸಹಿ ಹಾಕಿ. ಬಿಳಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಯಾರು ಹೇಳಿದರೂ ಬೇಡ.

ನಮ್ಮ ಚಿಕ್ಕಪ್ಪ ತೆಂಗಿನ ತೋಟದ ಬಂಡಿ ದಾರಿಗಾಗಿ ದಾವೆ ಹೂಡಿದ್ದರು. ಪ್ರತಿ ಸಲ ಗುಮಾಸ್ತ ‘ವಾಯಿದೆ ಆಗಿದೆ ಯಜಮಾನ್ರೇ, ಮುಂದಿನ ತಿಂಗಳು ಬನ್ನಿ’ ಅನ್ನುತ್ತಿದ್ದ. ಇವರು ನೂರಿನ್ನೂರು ಕೊಟ್ಟು ಬಸ್ ಹತ್ತುತ್ತಿದ್ದರು. ಎಂಟು ತಿಂಗಳ ಮೇಲೆ ಮಗ ಮೊಬೈಲಿನಲ್ಲಿ ನೋಡಿದರೆ, ಗೈರುಹಾಜರಿಯೆಂದು ದಾವೆ ಎಂದೋ ವಜಾ ಆಗಿತ್ತು. ವಜಾ ಆದ 30 ದಿನದೊಳಗೆ ಅರ್ಜಿ ಹಾಕಿದ್ದರೆ ಸುಲಭವಾಗಿ ಜೀವ ಬರುತ್ತಿತ್ತೇನೋ. ಆಮೇಲೆ ವಿಳಂಬ ಮನ್ನಿಸಿ ಎಂಬ ಅರ್ಜಿಗೇ ಬೇರೆ ಓಡಾಟ.

ಹಾಗಾಗಿ ಕೇಸು ದಾಖಲಾದ ದಿನವೇ ಸಿಎನ್‌ಆರ್ ಸಂಖ್ಯೆ, ಅಂದರೆ ನಿಮ್ಮ ಕೇಸಿಗೆ ಮಾತ್ರ ಕೊಡುವ ಗುರುತಿನ ಸಂಖ್ಯೆ, ಕೇಳಿ ಬರೆದುಕೊಳ್ಳಿ. 16 ಅಕ್ಷರ–ಅಂಕಿಗಳದು, ನಮ್ಮ ರಾಜ್ಯದ್ದು ‘ಕೆಎ’ಯಿಂದ ಶುರು. ಇ–ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಹಿಂದಿನ ಆದೇಶ ಎಲ್ಲ ಕಾಣುತ್ತವೆ. ವಕೀಲರ ಸನ್ನದಿನ (ವಕೀಲರ ಪರಿಷತ್ತಿನ ನೋಂದಣಿಯ) ನಂಬರನ್ನೂ ಕೇಳಿಟ್ಟುಕೊಳ್ಳಿ.

ಬದಲಾಯಿಸಬೇಕಾದರೆ

ಹೊಸಬರು ಹಳಬರ ಒಪ್ಪಿಗೆ ತರಲು ಹೇಳುತ್ತಾರೆ, ಅದು ವೃತ್ತಿಯ ರೀತಿ. ಒಪ್ಪಿಗೆ ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀಸು ಬಾಕಿಯೆಂದು ಫೈಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಬಾಕಿಗೆ ಅವರು ಬೇರೆ ದಾರಿ ಹಿಡಿಯಬೇಕು. ನಿಜವಾಗಿ ಮೋಸವಾಗಿದ್ದರೆ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಬರೀ ಮನಸ್ತಾಪವಾದರೆ ಬಾಕಿ ತೀರಿಸಿ, ಕೈಮುಗಿದು ಫೈಲು ತನ್ನಿ. ಮುಂದಿನ ಸೋಮವಾರದ ಸಂತೆಯಲ್ಲಿ ಅವರು ಎದುರಿಗೇ ಸಿಗುತ್ತಾರೆ.