ಕರ್ತನ ಭೋಜನ: ಕಣ್ಣು, ಕಿವಿ, ಮೂಗು, ಕೈ, ನಾಲಗೆಯ ತಯಾರಿ

ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದೇ ಕರ್ತನ ಭೋಜನ. ಅದರಲ್ಲಿ ರೊಟ್ಟಿ ಮುರಿಯುವ ಹೊತ್ತಿಗೆ ನಮ್ಮ ಸಭೆಗಳಲ್ಲಿ ಬಹುತೇಕರ ಕಣ್ಣು ಮುಚ್ಚಿರುತ್ತವೆ. ಪಾಪದ ಅರಿಕೆಗೆಂದು ಮುಚ್ಚಿದ್ದನ್ನು ಹಾಗೇ ಬಿಟ್ಟಿರುತ್ತಾರೆ. ತುಣುಕು ನಾಲಗೆಗೆ ತಾಗುವುದರೊಳಗೆ ನುಂಗಿ, ಬಟ್ಟಲು ಬರಿದು ಮಾಡಿ, ಮತ್ತೆ ತಲೆ ತಗ್ಗಿಸಿದರೆ ಮುಗಿಯಿತು. ಎಮ್ಮಾಹುವಿನ ದಾರಿಯುದ್ದಕ್ಕೂ ಇಬ್ಬರು ಶಿಷ್ಯರು ಸತ್ತು ಎದ್ದ ಯೇಸುವಿನ ಮಾತು ಕೇಳಿದರೂ ಆತನ ಗುರುತು ಸಿಕ್ಕಿದ್ದು ಊಟಕ್ಕೆ ಕೂತು ರೊಟ್ಟಿ ಮುರಿದಾಗ. ಆಗ ಅವರ ಕಣ್ಣು ತೆರೆದವು ಎಂದೇ ಲೂಕ ಬರೆಯುತ್ತಾನೆ.

ಮೈಗೆ ಕೊಟ್ಟ ಸಂಸ್ಕಾರವಿದು, ಮೈಯಿಂದಲೇ ಪಡೆಯಬೇಕು. ಅದಕ್ಕೆ ರವಿವಾರ ಬೆಳಿಗ್ಗೆಯ ಭಕ್ತಿಯೊಂದೇ ಸಾಲದು. ಶುಕ್ರವಾರದಿಂದಲೇ ಹಿಟ್ಟು, ಹಣ್ಣು, ಬಟ್ಟೆ, ಬಟ್ಟಲಿನ ಕೆಲಸ ಹಿಡಿಯಬೇಕು. ಮೇಜು ಸಿದ್ಧ ಮಾಡುವ ಹಿರಿಯರು, ಸ್ತ್ರೀ ಸಂಘದವರು ಓದಬೇಕಾದದ್ದು ಇದರ ಮೊದಲ ಭಾಗ. ಉಳಿದದ್ದು ತೆಗೆದುಕೊಳ್ಳುವವರಿಗೆಲ್ಲ.

ಮೊದಲು ನಿಮ್ಮ ಸಭೆಯ ಕಟ್ಟಳೆ

ಬೆಳಗಾವಿಗೆ ಲಂಡನ್ ಮಿಷನ್ನಿನವರು ಬಂದದ್ದು 1820ರಲ್ಲಿ. ಮುಂದೆ ಅವರ ಕೆಲಸ ಮೆಥಡಿಸ್ಟರ ಕೈಗೆ ಹೋಯಿತು. ಗುಳೇದಗುಡ್ಡದಲ್ಲಿ 1851ರಿಂದ ಬಾಸೆಲ್ ಮಿಷನ್ ಇತ್ತು. ಆ ಪರಂಪರೆಯ ಸಭೆಗಳು ಈಗ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ.ನಲ್ಲಿವೆ. ಬೆಳಗಾವಿ ಕಥೋಲಿಕ ಧರ್ಮಪ್ರಾಂತ ಆದದ್ದು 1953ರಲ್ಲಿ. ಹೀಗಾಗಿ ಒಂದೇ ಊರಿನ ಎರಡು ಚರ್ಚುಗಳಲ್ಲಿ ರೊಟ್ಟಿಯೂ ಬೇರೆ, ರಸವೂ ಬೇರೆ.

ಕಥೋಲಿಕರಲ್ಲಿ ರೊಟ್ಟಿ ಗೋಧಿಯದೇ ಆಗಿರಬೇಕು, ಹುಳಿ ಹಾಕಿರಬಾರದು, ಹಿಟ್ಟು ಮತ್ತು ನೀರಿನ ಹೊರತು ಬೇರೇನೂ ಸೇರಬಾರದು. ದ್ರಾಕ್ಷಾರಸವೂ, ಅಂದರೆ ಹುದುಗಿದ ವೈನ್, ದ್ರಾಕ್ಷಿ ಹಣ್ಣಿನದೇ ಆಗಿರಬೇಕು, ಕೆಟ್ಟಿರಬಾರದು. ಇವೆರಡನ್ನೂ ಗುರುಗಳೇ ತರಿಸುವುದರಿಂದ ಮನೆಯಲ್ಲಿ ಮಾಡುವ ಪ್ರಶ್ನೆ ಏಳುವುದಿಲ್ಲ. ಮೆಥಡಿಸ್ಟರಲ್ಲಿ ಹುದುಗದ ರಸದ ರೂಢಿ ಗಟ್ಟಿಯಾಗಿದೆ. ಅಮೆರಿಕದಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು 1869ರಲ್ಲಿ ದ್ರಾಕ್ಷಿ ರಸವನ್ನು ಕಾಯಿಸಿ ಹುದುಗದಂತೆ ಬಾಟಲಿಗೆ ತುಂಬಿದ್ದೇ ಈ ಮೇಜಿಗಾಗಿ. ಸಿ.ಎಸ್.ಐ. ಸಭೆಗಳಲ್ಲಿ ಸಭಾಪಾಲಕರನ್ನು ಕೇಳಿಕೊಂಡು ಮುಂದುವರಿಯಿರಿ. ಕೆಳಗಿನ ಎರಡೂ ವಿಧಾನ ಮನೆಯಲ್ಲಿ ಮಾಡಲು ಒಪ್ಪುವ ಸಭೆಗಳಿಗೆ.

ಸದ್ದು ಮಾಡುವ ರೊಟ್ಟಿ

ಸುಮಾರು 150 ಜನರಿಗೆ 120 ಗ್ರಾಂ ಗೋಧಿ ಹಿಟ್ಟು, 65ರಿಂದ 70 ಮಿ.ಲೀ. ಬೆಚ್ಚನೆಯ ನೀರು, ಒಂದು ಚಹಾ ಚಮಚ ಕುಸುಬಿ ಎಣ್ಣೆ, ಚಿಟಿಕೆ ಉಪ್ಪು ಸಾಕು. ಶೇಂಗಾ ಎಣ್ಣೆ ಬೇಡ. ಅದರ ವಾಸನೆ ಮುಂದಾಗುತ್ತದೆ, ಕೆಲವರಿಗೆ ಶೇಂಗಾ ಆಗಿಬರುವುದೂ ಇಲ್ಲ. ಹಿಟ್ಟು ಹೊಸದಾಗಿ ಬೀಸಿಸಿದ್ದಾದರೆ ಗೋಧಿಯ ಘಮ ತಾನಾಗಿ ಇರುತ್ತದೆ. ಆದರೆ ಗಿರಣಿಯವರನ್ನು ಒಂದು ಮಾತು ಕೇಳಿ: ನಮ್ಮದಕ್ಕಿಂತ ಮುಂಚೆ ಏನು ಬೀಸಿದಿರಿ? ಕಡಲೆಬೇಳೆಯ ನಂತರ ಬಂದ ಗೋಧಿಗೆ ಆ ವಾಸನೆ ಹತ್ತಿರುತ್ತದೆ. ಮೊದಲ ಅರ್ಧ ಕಿಲೋ ಹಿಟ್ಟನ್ನು ಮನೆ ಚಪಾತಿಗೆ ತೆಗೆದಿಟ್ಟುಕೊಳ್ಳಿ. ಜವೆಗೋಧಿ ರುಚಿಯಲ್ಲಿ ಒಂದು ಕೈ ಮೇಲು. ಅದಕ್ಕೆ ಜಿಗುಟು ಕಡಿಮೆ, ಲಟ್ಟಿಸುವಾಗ ಅಂಚು ಸೀಳುತ್ತದೆ. ಅರ್ಧಕ್ಕರ್ಧ ಸಾದಾ ಗೋಧಿ ಬೆರೆಸಿದರೆ ಮಾತು ಕೇಳುತ್ತದೆ.

ಕಣಕವನ್ನು ಚಪಾತಿಗಿಂತ ತುಸು ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಿ. ಎರಡು ಉಂಡೆ ಮಾಡಿ ಒಂದೊಂದನ್ನೂ 17–18 ಸೆಂ.ಮೀ. ಅಗಲಕ್ಕೆ, 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಫೋರ್ಕಿನಿಂದ ಮೇಲೆಲ್ಲ ಚುಚ್ಚಿ. ಚುಚ್ಚದಿದ್ದರೆ ಉಬ್ಬಿ ಎರಡು ಪದರಾಗುತ್ತದೆ, ಮುರಿದಾಗ ಒಳಗೆ ಪೊಳ್ಳು ಕಾಣುತ್ತದೆ. ಚಾಕುವಿನಿಂದ ಅರ್ಧ ಆಳಕ್ಕೆ ಶಿಲುಬೆಯ ಗೆರೆ ಎಳೆದಿಟ್ಟರೆ ಮೇಜಿನ ಮೇಲೆ ನೆಟ್ಟಗೆ ಎರಡಾಗುತ್ತದೆ. ಮಧ್ಯಮ ಉರಿಯ ಹಂಚಿನ ಮೇಲೆ ಒಂದೊಂದು ಬದಿ ಎರಡು ನಿಮಿಷ, ಆಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ಇನ್ನು ಮೂರು ನಾಲ್ಕು ನಿಮಿಷ, ಅಂಚು ತಿಳಿಗಂದು ಆಗುವವರೆಗೆ. ಬುಟ್ಟಿಯಲ್ಲಿ ಗಾಳಿಗೆ ಆರಲು ಬಿಡಿ. ಬಿಸಿಯಿದ್ದಾಗಲೇ ಡಬ್ಬಿಗೆ ಹಾಕಿದವರ ರೊಟ್ಟಿ ಬೆವತು ಮೆತ್ತಗಾಗಿ, ರವಿವಾರ ಸಭಾಪಾಲಕರು ಎಳೆದು ಹರಿಯಬೇಕಾಗುತ್ತದೆ.

ಒಂದು ಚೂರು ಮುರಿದು ನೋಡಿ. ‘ಟಕ್’ ಎಂದು ಸಣ್ಣ ಸದ್ದು ಬಂದು, ಒಳಗೆ ತುಸು ಮೆತ್ತಗಿದ್ದರೆ ಸರಿಯಾಗಿದೆ. ಸದ್ದಿಲ್ಲದೆ ಹರಿದರೆ ಮತ್ತೆ ಎರಡು ನಿಮಿಷ ಹಂಚಿಗೆ. ಖಡಕ್ ರೊಟ್ಟಿಯ ಹಾಗೆ ಪುಡಿಪುಡಿಯಾದರೆ ನೀರು ಕಡಿಮೆಯಾಗಿದೆ, ಇಲ್ಲವೆ ಹೆಚ್ಚು ಸುಟ್ಟಿದ್ದೀರಿ. ಆ ರೊಟ್ಟಿ ಬೇಡ, ಅರ್ಧ ಭಾಗ ನೆಲಕ್ಕೆ ಉದುರುತ್ತದೆ.

ಅಂಗಡಿಯ ಸ್ಲೈಸ್ ಬ್ರೆಡ್ಡಿನ ಅಂಚು ಕತ್ತರಿಸಿ ಚೌಕ ಮಾಡುವ ರೂಢಿಯೂ ಇದೆ. ಅದು ಸಿಹಿ, ಮುರಿದರೆ ಸದ್ದಿಲ್ಲ, ಬೆರಳಲ್ಲಿ ಹಿಡಿದರೆ ಉಂಡೆಯಾಗುತ್ತದೆ. ಹುಳಿ ರೊಟ್ಟಿಯೇ ಬೇಕೆಂದರೆ ಬೆಳಗಾವಿಯ ಬೇಕರಿಯ ಸಾದಾ ಪಾವ ಎಷ್ಟೋ ವಾಸಿ. ಬೆಳಿಗ್ಗೆ ತಂದದ್ದಾದರೆ ಮೇಲ್ಪದರಕ್ಕೆ ಸ್ವಲ್ಪವಾದರೂ ಬಿರುಸು ಇರುತ್ತದೆ.

ಗೋಧಿ ತಿಂದರೆ ಆಗದವರು ಇದ್ದರೆ ಮೊದಲೇ ತಿಳಿದಿರಿ. ಜವೆಗೋಧಿಯೂ ಗೋಧಿಯೇ, ಅವರಿಗೆ ಪರಿಹಾರವಲ್ಲ. ಸಿ.ಎಸ್.ಐ., ಮೆಥಡಿಸ್ಟ್ ಸಭೆಯಲ್ಲಿ ಸಭಾಪಾಲಕರು ಒಪ್ಪಿದರೆ ಬಿಳಿಜೋಳದ ರೊಟ್ಟಿಯ ತುಣುಕು ಬೇರೆ ತಟ್ಟೆಯಲ್ಲಿ ಇಡಬಹುದು. ಹಿಟ್ಟು, ಹಂಚು, ತಟ್ಟೆ ಮೂರೂ ಗೋಧಿ ಸೋಕದೇ ಇರಬೇಕು. ಕಥೋಲಿಕರಲ್ಲಿ ಜೋಳ ನಡೆಯುವುದಿಲ್ಲ. ಗ್ಲುಟೆನ್ (ಗೋಧಿಯ ಜಿಗುಟು) ತೀರ ಕಡಿಮೆ ಇರುವ ಗೋಧಿಯ ಓಸ್ತಿ, ಅಂದರೆ ತೆಳು ಬಿಲ್ಲೆಯಂಥ ರೊಟ್ಟಿ, ಅಥವಾ ಪಾತ್ರೆಯಿಂದ ದ್ರಾಕ್ಷಾರಸವನ್ನಷ್ಟೇ ಪಡೆಯುವ ದಾರಿ ಇದೆ. ಗುರುಗಳಿಗೆ ಮುಂಚಿತವಾಗಿ ಹೇಳಿ.

ಓಸ್ತಿ ಇಡುವ ಕಡೆಗಳಲ್ಲಿ ಬೆಳಗಾವಿಯ ಮಳೆಗಾಲವೇ ವೈರಿ. ಮುಚ್ಚಳ ಸಡಿಲವಿದ್ದರೆ ತಂಪು ಹಿಡಿದು ಮುಗ್ಗುತ್ತವೆ. ವಿಜಯಪುರದ ಬೇಸಿಗೆಯಲ್ಲಿ ಇದರ ತಿರುಗು, ಮುಟ್ಟಿದರೆ ಒಡೆಯುತ್ತವೆ.

ರಸ

ವಿಜಯಪುರ ಕಡೆಯ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರಿನ ಚಾಟನಿಗೆ (ಬಳ್ಳಿ ಸವರುವುದಕ್ಕೆ) ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಣ್ಣು ಬರುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲವೂ ಪವಿತ್ರ ಗುರುವಾರವೂ ಅದೇ ಹೊತ್ತಿಗೆ ಬೀಳುತ್ತವೆ. ಕೈಗೆ ಹತ್ತಿರ ಇಂಥ ಹಣ್ಣಿರುವಾಗ ಬಣ್ಣದ ಶರಬತ್ತು ಕಲಸುವುದು ಯಾಕೋ ತಿಳಿಯದು.

ನೂರು ಜನರಿಗೆ, ಬಟ್ಟಲಿಗೆ 7–8 ಮಿ.ಲೀ. ಲೆಕ್ಕದಲ್ಲಿ, 800 ಮಿ.ಲೀ. ರಸ ಬೇಕು. ಒಂದು ಕಿಲೋ ಹಣ್ಣಿಗೆ ಮನೆಯಲ್ಲಿ ಹಿಂಡಿದರೆ 600–650 ಮಿ.ಲೀ. ಸಿಗುತ್ತದೆ, ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋ ತನ್ನಿ. ಕಪ್ಪು ಹಣ್ಣೇ ಇರಲಿ, ಶರದ್ ಸೀಡ್‌ಲೆಸ್ ಒಳ್ಳೆಯದು. ಥಾಮ್ಸನ್ ತಿನ್ನಲು ಚೆಂದ, ರಸ ಮಾತ್ರ ಗಾಳಿ ತಾಗಿದ ಕೂಡಲೇ ಕಂದಾಗುತ್ತದೆ.

ತೊಟ್ಟು ಪೂರ್ತಿ ಬಿಡಿಸಿ, ಅದರಿಂದಲೇ ಒಗರು. ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟು, ಎರಡು ಸಲ ತೊಳೆಯಿರಿ. ಸ್ಟೀಲ್ ಪಾತ್ರೆಯಲ್ಲಿ ಕೈಯಿಂದಲೇ ಕಿವುಚಿ. ಅಲ್ಯುಮಿನಿಯಂ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತದೆ. ಬೀಜದ ಹಣ್ಣಾದರೆ ಮಿಕ್ಸಿಗೆ ಹಾಕಲೇಬೇಡಿ, ಬೀಜ ಒಡೆದು ಕಹಿಯಾಗುತ್ತದೆ. ನೀರು ಹಾಕದೆ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಬಿಸಿ ಮಾಡಿದರೆ ಸಿಪ್ಪೆಯ ಬಣ್ಣ ಬಿಡುತ್ತದೆ. ಬಟ್ಟೆಯಲ್ಲಿ ಸೋಸಿ, ರಸವನ್ನಷ್ಟೇ ಮತ್ತೆ ಕಾಯಿಸಿ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡಾಗ, ಸುಮಾರು 85 ಡಿಗ್ರಿಗೆ, ಉರಿ ತಗ್ಗಿಸಿ ಐದು ನಿಮಿಷ ಹಾಗೇ ಹಿಡಿಯಿರಿ. ಕೊತಕೊತ ಕುದಿಸಿದರೆ ಹಣ್ಣಿನ ವಾಸನೆ ಹೋಗಿ ಜಾಮಿನ ವಾಸನೆ ಬರುತ್ತದೆ. ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿಬಿಸಿಯಾಗಿ ತುಂಬಿ, ಆರಿದ ಮೇಲೆ ಫ್ರಿಜ್ಜಿಗೆ. ಒಂದು ವಾರದೊಳಗೆ ಬಳಸಿ. ತಳದಲ್ಲಿ ಹರಳು ಕೂತರೆ ಗಾಬರಿ ಬೇಡ, ಹಣ್ಣಿನ ಹುಳಿಯೇ ಹಾಗೆ ಗಟ್ಟಿಯಾಗುತ್ತದೆ. ಅಲುಗಿಸದೆ ಮೇಲಿನದನ್ನು ಬಗ್ಗಿಸಿಕೊಳ್ಳಿ. ಮುಚ್ಚಳ ತೆಗೆದಾಗ ‘ಫಸ್’ ಎಂದರೆ ಹುದುಗಲು ಹತ್ತಿದೆ ಎಂದು ತಿಳಿಯಿರಿ.

ಹಂಗಾಮು ಮುಗಿದ ಮೇಲೆ ಕಪ್ಪು ಒಣದ್ರಾಕ್ಷಿ ಇದೆ. ಕಾಲು ಕಿಲೋವನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಅದೇ ನೀರಿನಲ್ಲಿ 15 ನಿಮಿಷ ಕುದಿಸಿ, ಕಿವುಚಿ ಸೋಸಿ. ಹೊಂಬಣ್ಣದ, ಹಸಿರು ಹೊಳಪಿನ ಒಣದ್ರಾಕ್ಷಿಗೆ ಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಟ್ಟಿರಬಹುದು. ಆ ಘಾಟು ರಸಕ್ಕೂ ಇಳಿಯುತ್ತದೆ, ಉಬ್ಬಸ ಇರುವವರಿಗೆ ತೊಂದರೆಯೂ ಆದೀತು.

ಏಪ್ರಿಲ್ ಬಿಸಿಲಿನಲ್ಲಿ ರಸವನ್ನು ಐಸ್ ಡಬ್ಬಿಯಲ್ಲೇ ತನ್ನಿ, ಬಟ್ಟಲಿಗೆ ಸುರಿಯುವ ಅರ್ಧ ತಾಸು ಮುಂಚೆ ಹೊರಗಿಡಿ. ತೀರ ತಣ್ಣಗಿದ್ದರೆ ಸಿಹಿಯೂ ಗೊತ್ತಾಗದು, ಘಮವೂ ಏಳದು.

ಮೂಗಿಗೆ ಅಡ್ಡ ಬರುವವು

ಹೆಚ್ಚು ಕೆಲಸ ಕೆಡುವುದು ಇಲ್ಲೇ. ಶನಿವಾರ ಸಂಜೆ ಪರಸಿಗೆ ಫಿನೈಲ್ ಒರೆಸಿ ಕಿಟಕಿ ಮುಚ್ಚಿದರೆ ರವಿವಾರ ಎಲ್ಲರ ಮೂಗಿನಲ್ಲಿ ಫಿನೈಲೇ. ಶನಿವಾರ ಮಧ್ಯಾಹ್ನವೇ ಮುಗಿಸಿ, ಕೊನೆಯ ಒರೆಸು ಬರೀ ನೀರಿನದಿರಲಿ. ಮೇಜಿನ ಬಿಳಿ ಬಟ್ಟೆಯನ್ನು ಟ್ರಂಕಿನಲ್ಲಿ ಡಾಂಬರು ಗುಳಿಗೆ ಜೊತೆ ಇಟ್ಟಿರುತ್ತಾರೆ. ಅದರ ಮೇಲೆ ಇಟ್ಟ ರೊಟ್ಟಿ ತಾಸಿನೊಳಗೆ ಆ ವಾಸನೆ ಹೀರುತ್ತದೆ. ಶುಕ್ರವಾರವೇ ಬಟ್ಟೆ ಒಗೆದು ಗಾಳಿಗೆ ಹಾಕಿ, ಗುಳಿಗೆ ಬದಲು ಒಣ ಬೇವಿನ ಎಲೆ ಇಡಿ. ಪ್ಲಾಸ್ಟಿಕ್ ಬಟ್ಟಲಿಗೆ ಸೋಪಿನ ವಾಸನೆ ಅಂಟಿಕೊಳ್ಳುತ್ತದೆ, ಗಾಜಿಗೆ ಇಲ್ಲ. ಮಲ್ಲಿಗೆ ಹೂವಿನ ಗುಚ್ಛ ಇಡುವುದಾದರೆ ಮೇಜಿನಿಂದ ದೂರ ಇರಲಿ.

ಮುಂಜಾನೆ ಮನೆಯಲ್ಲಿ

ಹಲ್ಲುಜ್ಜಿದ ಕೂಡಲೇ ದ್ರಾಕ್ಷಿ ತಿಂದರೆ ಕಹಿ ಬರುವುದು ಗೊತ್ತೇ ಇದೆ: ಪೇಸ್ಟಿನ ನೊರೆ ಬರಿಸುವ ವಸ್ತು ನಾಲಗೆಯ ಸಿಹಿಯನ್ನು ತಡೆಯುತ್ತದೆ. ಒಂದು ತಾಸಾದರೂ ಅಂತರ ಇರಲಿ. ರಂಜಕ ಹಚ್ಚಿಕೊಂಡು ರೊಟ್ಟಿ ತಿಂದು ಬಂದವರಿಗೆ ನಾಲಗೆ ಉರಿಯುವುದೇ ತಿಳಿಯುತ್ತದೆ, ಬೇರೇನೂ ಇಲ್ಲ. ಎಲೆ ಅಡಿಕೆ, ಪುದೀನಾ ಗುಳಿಗೆ ಕೂಡ ಬೇಡ. ಕಥೋಲಿಕರಿಗೆ ಪರಮಪ್ರಸಾದಕ್ಕೆ (ಈ ಭೋಜನಕ್ಕೆ ಅವರ ಹೆಸರು) ಒಂದು ತಾಸು ಮೊದಲಿನ ಉಪವಾಸ ಹೇಗೂ ಉಂಟು. ನೀರು, ಔಷಧಿಗೆ ಅಡ್ಡಿಯಿಲ್ಲ. ಸ್ಯಾನಿಟೈಸರ್ ಹಚ್ಚಿದ ಬೆರಳಿನಿಂದ ತುಣುಕು ಎತ್ತಬೇಡಿ. ಕುಡಿಯದಂತೆ ಅದರಲ್ಲಿ ಕಹಿ ಬೆರೆಸಿರುವುದುಂಟು. ನೀರಿನಲ್ಲಿ ಕೈ ತೊಳೆದು ಒರೆಸಿಕೊಂಡರೆ ಸಾಕು.

ಆರಾಧನೆಯಲ್ಲಿ

ಅರಿಕೆ ಮುಗಿದು ಕ್ಷಮೆಯ ಮಾತು ಕೇಳಿದ ಕೂಡಲೇ ಕಣ್ಣು ತೆರೆಯಿರಿ. ಸಿ.ಎಸ್.ಐ.ನ 1950ರ ಆರಾಧನಾ ಕ್ರಮದಲ್ಲಿ ಸಭಾಪಾಲಕರು ಮೇಜಿನ ಹಿಂದೆ ಸಭೆಗೆ ಮುಖ ಮಾಡಿ ನಿಲ್ಲುವುದು ನೀವು ನೋಡಲೆಂದೇ. ತೆಗೆದುಕೊಳ್ಳುವುದು, ಸ್ತೋತ್ರ ಹೇಳುವುದು, ಮುರಿಯುವುದು, ಕೊಡುವುದು: ಆ ನಾಲ್ಕು ಸಲ ಕೈಗಳನ್ನು ಗಮನಿಸಿ.

ಅದೇ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ, ಇಬ್ಬರೂ ಎಡಗೈಯಿಂದ ಮತ್ತೊಬ್ಬರ ಬಲಗೈ ಮುಚ್ಚುತ್ತಾರೆ. ಈಗ ಬಹಳ ಕಡೆ ದೂರದಿಂದ ನಮಸ್ಕಾರ ಹೊಡೆದು ಮುಗಿಸುತ್ತಾರೆ. ಅಂಗೈ ಅಂಗೈಗೆ ತಾಗಿದರೆ ಪಕ್ಕದ ಮುದುಕಿಯ ಕೈಯ ಒರಟು, ಜ್ವರದ ಕೈಯ ಬಿಸಿ ಗೊತ್ತಾಗುತ್ತದೆ. ಆ ಮೇಲೆ ಅವರನ್ನು ಮರೆತು ಒಬ್ಬರೇ ಉಣ್ಣುವುದು ಕಷ್ಟ.

ಮುರಿಯುವ ಅರ್ಧ ನಿಮಿಷ ಕೀಬೋರ್ಡ್ ನಿಲ್ಲಿಸಲು ವಾದ್ಯದವರಿಗೆ ಮೊದಲೇ ಹೇಳಿರಿ. ಮೇಜಿನ ಮೇಲಿನ ಫ್ಯಾನ್ ಆರಿಸಿ, ಸದ್ದೂ ನಿಲ್ಲುತ್ತದೆ, ಓಸ್ತಿ ಹಾರುವುದೂ ತಪ್ಪುತ್ತದೆ. ಹಾಳೆ ಸುಲಿಯುವ ಸೀಲು ಹಾಕಿದ ಬಟ್ಟಲುಗಳು ಶುಚಿಗೆ ಒಳ್ಳೆಯವೇ. ಆದರೆ ಇನ್ನೂರು ಜನ ಒಟ್ಟಿಗೆ ಚರಚರ ಸುಲಿಯುವಾಗ ಯಾವ ಪ್ರಾರ್ಥನೆಯೂ ನಿಲ್ಲದು.

ಕೈ ಒಡ್ಡುವ ರೀತಿಗೆ 4ನೇ ಶತಮಾನದ ಯೆರೂಸಲೇಮಿನ ಬಿಷಪ್ ಸಿರಿಲರ ಹೆಸರಿನಲ್ಲಿ ಉಳಿದಿರುವ ಬೋಧನೆಯೇ ಸಾಕು: ಎಡಗೈ ಬಲಗೈಗೆ ಸಿಂಹಾಸನವಾಗಲಿ, ಅಂಗೈ ಕುಳಿಯಾಗಲಿ. ಉಣ್ಣುವ ಕೈ ಬಲಗೈಯೇ ಆದ ನಮ್ಮ ಕಡೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಬಲ ಅಂಗೈಯಿಂದ ನೇರ ಬಾಯಿಗೆ. ಇಂದು ಕಥೋಲಿಕರಲ್ಲಿ ಹೆಚ್ಚಾಗಿ ಎಡಗೈ ಮೇಲಿಟ್ಟು, ಬಲಗೈಯಿಂದ ಎತ್ತಿಕೊಳ್ಳುತ್ತಾರೆ. ನಿಮ್ಮ ಗುರುಗಳು ಹೇಳಿದಂತೆ ನಡೆಯಿರಿ. ಬಂಗಾರದ ಪುಡಿಯನ್ನು ಹಿಡಿದಷ್ಟು ಜೋಪಾನವಾಗಿ ಹಿಡಿಯಿರಿ, ಒಂದು ಚೂರೂ ಬೀಳದಿರಲಿ ಎಂದೂ, ತುಟಿಯ ಮೇಲೆ ತೇವ ಇರುವಾಗಲೇ ಬೆರಳಿನಿಂದ ಮುಟ್ಟಿ ಕಣ್ಣು, ಹಣೆಗೆ ಹಚ್ಚಿಕೊಳ್ಳಿರಿ ಎಂದೂ ಆ ಬೋಧನೆ ಹೇಳುತ್ತದೆ. ಇಂದು ಹಾಗೆ ಮಾಡುವವರಿಲ್ಲ, ಮಾಡಿದರೆ ಪಕ್ಕದವರು ನೋಡುತ್ತಾರೆ. ಆದರೂ ಇಂದ್ರಿಯಗಳ ಬಗ್ಗೆ ಹಳೆಯ ಸಭೆಗೆ ನಾಚಿಕೆ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ತುಣುಕನ್ನು ನುಂಗಬೇಡಿ, ಅಗಿಯಿರಿ. ಅರ್ಧ ನಿಮಿಷ ಅಗಿದರೆ ಉಗುಳು ಪಿಷ್ಟವನ್ನು ಕರಗಿಸಿ ಸಪ್ಪೆ ರೊಟ್ಟಿ ತಾನಾಗಿ ಸಿಹಿಯಾಗುತ್ತದೆ. ಓಸ್ತಿಯನ್ನು ಅಗಿಯಬಾರದೆಂಬ ನಂಬಿಕೆ ಇದೆ, ಆದರೆ ಅಂಥ ನಿಷೇಧವೇನೂ ಇಲ್ಲ. ರೊಟ್ಟಿ ಇಳಿದ ಮೇಲೆ ಬಟ್ಟಲನ್ನು ಮೂಗಿನ ಹತ್ತಿರ ಒಂದು ಕ್ಷಣ ಹಿಡಿದು, ರಸವನ್ನು ಬಾಯಲ್ಲಿ ಸುತ್ತಾಡಿಸಿ. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಸಿಪ್ಪೆಯ ಒಗರು. ಅದ್ದಿ ತೆಗೆದುಕೊಳ್ಳುವ ಪದ್ಧತಿಯಾದರೆ ಅಂಚನ್ನಷ್ಟೇ ಅದ್ದಿ, ಬೆರಳು ಮುಳುಗದಿರಲಿ. ಒಂದೇ ಪಾತ್ರೆಯಾದರೆ ಪ್ರತಿಯೊಬ್ಬರ ನಂತರ ಅಂಚು ಒರೆಸಿ ಪಾತ್ರೆ ತುಸು ತಿರುಗಿಸಬೇಕು, ನೆಗಡಿಯವರು ಕುಡಿಯದಿರುವುದೇ ಲೇಸು.

ಕಣ್ಣು ಕಾಣದವರಿಗೆ ತಟ್ಟೆಯ ಅಂಚನ್ನು ಅವರ ಕೈಬೆನ್ನಿಗೆ ಮೆಲ್ಲಗೆ ತಾಗಿಸಿ, ‘ರೊಟ್ಟಿ’ ಎಂದು ಹೇಳಿ ನಿಲ್ಲಿ. ಕೈ ಹಿಡಿದು ಎಳೆಯಬೇಡಿ. ಕಿವಿ ಕೇಳದವರಿಗೆ ತುಟಿ ಕಾಣುವಂತೆ ಎದುರು ನಿಂತು ಹೇಳಿ. ನುಂಗಲು ಕಷ್ಟಪಡುವ ಹಿರಿಯರಿಗೆ ಸಾಸಿವೆಯಷ್ಟು ಚೂರನ್ನು ಚಮಚದಲ್ಲಿ ರಸದೊಂದಿಗೆ ನೆನೆಸಿ ಕೊಡಿ, ಮಲಗಿದ್ದರೆ ಎಬ್ಬಿಸಿ ಕೂರಿಸಿ.

ಮುಗಿದ ಮೇಲೆ

ಉಳಿದ ರೊಟ್ಟಿ, ರಸವನ್ನು ಮೇಜಿನ ಬಳಿ ಇರುವವರೇ ತಿಂದು ಕುಡಿದು ಮುಗಿಸಬೇಕು, ಮನೆಗೆ ಒಯ್ಯುವ ತಿಂಡಿಯಲ್ಲ. ರಸದ ಕಲೆ ಬಿದ್ದ ಬಟ್ಟೆಯನ್ನು ಅಂದೇ ತಣ್ಣೀರಿನಲ್ಲಿ ನೆನೆಸಿ. ಪಾತ್ರೆ ಒರೆಸಿದ ಬಟ್ಟೆಯ ಮೊದಲ ನೀರನ್ನು ಚರಂಡಿಗೆ ಬಿಡದೆ ಗಿಡದ ಬುಡಕ್ಕೆ ಸುರಿಯಿರಿ. ಆಮೇಲೆ ಸೋಪು, ನಂತರ ಬಿಸಿಲು.