ಕ್ರಿಸ್‌ಮಸ್ ಊಟಕ್ಕೆ ನಂಜಿಕೊಳ್ಳಲು: ಯಾವ ಸಾಸ್ ಯಾವ ದಿನ?

ಬ್ರಿಟನ್ ಮತ್ತು ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ದಿನ ಟರ್ಕಿ ಕೋಳಿ ತುಸು ಒಣಗಿದ್ದರೂ ಸುಮ್ಮನೆ ತಿಂದು ಏಳುತ್ತಾರೆ. ಪಕ್ಕದ ಸಾಸ್ ಬದಲಾಗಿದ್ದರೆ ಮಾತ್ರ ಮಾತು ಬರುತ್ತದೆ. ಒಂದು ಮನೆಯಲ್ಲಿ ಕ್ರ್ಯಾನ್‌ಬೆರಿ ಎಂಬ ಹುಳಿ ಕೆಂಪು ಹಣ್ಣಿನ ಸಾಸ್ ಎಂದರೆ ಹಣ್ಣು ಹಣ್ಣಾಗಿ ಬಾಯಿಗೆ ಸಿಗಬೇಕು. ಇನ್ನೊಂದರಲ್ಲಿ ಡಬ್ಬಿಯಿಂದ ಇಡಿಯಾಗಿ ಜಾರಿ ಬಿದ್ದ ಜೆಲ್ಲಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದಿಟ್ಟರೇ ಹಬ್ಬ. ಈ ಎರಡು ಮನೆಗಳ ನಡುವೆ ಸಂಬಂಧ ಬೆಳೆದರೆ ಮೇಜಿನ ಮೇಲೆ ಎರಡು ಬಟ್ಟಲು ಇಡುವುದೇ ಸುಲಭದ ದಾರಿ.

ಎಲ್ಲವನ್ನೂ 25ರ ಬೆಳಿಗ್ಗೆಯೇ ಮಾಡಲು ಹೊರಟರೆ ಕೆಟ್ಟಿತು. ಓವನ್‌ನಲ್ಲಿ ಟರ್ಕಿ, ಒಲೆಯ ಮೇಲೆ ತರಕಾರಿ, ಗ್ರೇವಿ. ಕೈ ಖಾಲಿ ಇರುವುದಿಲ್ಲ. ಕ್ರ್ಯಾನ್‌ಬೆರಿಯನ್ನು 3 ದಿನ ಮೊದಲೇ ಮುಗಿಸಿ. ಬ್ರಾಂಡಿ ಬೆಣ್ಣೆ ಹಿಂದಿನ ದಿನಕ್ಕಿರಲಿ, ಹಾರ್ಸ್‌ರ್ಯಾಡಿಷ್ ಎಂಬ ಖಾರದ ಗೆಡ್ಡೆಯ ಸಾಸ್ ಅದೇ ಬೆಳಿಗ್ಗೆಗೆ, ಬ್ರೆಡ್ ಸಾಸ್ ಕೊನೆಯ ಒಂದು ಗಂಟೆಗೆ.

ಕ್ರ್ಯಾನ್‌ಬೆರಿ: ನೀರಾಗಿರುವಾಗಲೇ ಇಳಿಸಿ

ಅಮೆರಿಕದಲ್ಲಿ ಹಣ್ಣು ಸಾಮಾನ್ಯವಾಗಿ 12 ಔನ್ಸಿನ, ಅಂದರೆ 340 ಗ್ರಾಂನ ಚೀಲದಲ್ಲಿ ಬರುತ್ತದೆ. ಅಷ್ಟಕ್ಕೆ 200 ಗ್ರಾಂ ಸಕ್ಕರೆ, 240 ಮಿಲಿಲೀಟರ್ ನೀರು. ಮೆತ್ತಗಾದ, ಸುಕ್ಕುಗಟ್ಟಿದ ಹಣ್ಣು ಆರಿಸಿ ತೆಗೆಯಿರಿ. ಒಳ್ಳೆಯ ಹಣ್ಣಿನೊಳಗೆ ಗಾಳಿಯ ಗೂಡುಗಳಿರುವುದರಿಂದ ಅದು ನೆಲಕ್ಕೆ ಬಿದ್ದರೆ ಪುಟಿಯುತ್ತದೆ. ಫ್ರೀಜರ್‌ನಲ್ಲಿಟ್ಟ ಹಣ್ಣಾದರೆ ಕರಗಿಸಬೇಡಿ, ಹಾಗೆಯೇ ಪಾತ್ರೆಗೆ ಹಾಕಿ.

ಮೊದಲು ನೀರು, ಸಕ್ಕರೆ ಕುದಿಸಿ ಸಕ್ಕರೆ ಪೂರ್ತಿ ಕರಗಲಿ. ಹಣ್ಣು ಸುರಿದು ಉರಿ ಮಧ್ಯಮಕ್ಕೆ ತನ್ನಿ. ಸ್ವಲ್ಪ ಹೊತ್ತಿಗೆ ಪಟಪಟ ಸದ್ದು ಶುರುವಾಗುತ್ತದೆ, ಸಿಪ್ಪೆ ಸಿಡಿದು ಕಡುಗೆಂಪು ರಸ ಬಿಡುತ್ತದೆ. ಒಟ್ಟು 10 ನಿಮಿಷದಲ್ಲಿ ಬಹುಪಾಲು ಹಣ್ಣು ಒಡೆದಿರುತ್ತದೆ. ಆಗ ಒಲೆ ಆರಿಸಿ. ಸಾಸ್ ಇನ್ನೂ ನೀರಾಗಿಯೇ ಕಾಣುತ್ತದೆ, ಎಡವುವುದು ಇಲ್ಲೇ. ಪಾತ್ರೆಯಲ್ಲೇ ಗಟ್ಟಿಯಾಗಲಿ ಎಂದು ಕಾದವರಿಗೆ ಆರಿದ ಮೇಲೆ ಚಮಚ ಇಳಿಯದ ಅಂಟು ಸಿಗುತ್ತದೆ. ಕ್ರ್ಯಾನ್‌ಬೆರಿಯಲ್ಲಿ ಜೆಲ್ಲಿ ಕಟ್ಟಿಸುವ ಅಂಶವಾದ ಪೆಕ್ಟಿನ್ನೂ ಹುಳಿಯೂ ಧಾರಾಳ. ಸಕ್ಕರೆ ಜೊತೆ ಸೇರಿ ಆರುವಾಗ ಅದು ತಾನೇ ಕಟ್ಟಿಕೊಳ್ಳುತ್ತದೆ. ಇನ್ನೂ ಅತಿಯಾಗಿ ಕುದಿಸಿದರೆ ಪೆಕ್ಟಿನ್ನೇ ಒಡೆದುಹೋಗಿ ಸಾಸ್ ಕಟ್ಟುವುದಿಲ್ಲ. ಅನುಮಾನವಿದ್ದರೆ ತಣ್ಣಗಿನ ತಟ್ಟೆಗೆ ಒಂದು ಚಮಚ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ದೂಡಿ ನೋಡಿ. ಮೇಲ್ಪದರ ಸುಕ್ಕಾದರೆ ಹದ ಬಂದಿದೆ.

ಸಕ್ಕರೆ ಅರ್ಧಕ್ಕೆ ಇಳಿಸುವ ಉಪಾಯ ಬೇಡ. ಹುಳಿ ಹಲ್ಲು ಜುಮ್ಮೆನ್ನಿಸುತ್ತದೆ, ಕಟ್ಟುವ ಶಕ್ತಿಯೂ ಕುಗ್ಗುತ್ತದೆ. ಕಿತ್ತಳೆ ಸಿಪ್ಪೆಯ ತುರಿ ಹಾಕುವುದಿದ್ದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಪರಿಮಳ ಹಬೆಯ ಜೊತೆ ಹೋಗುತ್ತದೆ. ಗಟ್ಟಿಯಾಗಿಬಿಟ್ಟಿತೇ? ಒಂದೆರಡು ಚಮಚ ಬಿಸಿನೀರು ಬೆರೆಸಿ. ತೆಳುವಾಯಿತೇ? ಮತ್ತೆ 2 ನಿಮಿಷ ಕುದಿಸಿ.

ಬಿಲ್ಲೆ ಕೊಯ್ಯುವ ಜೆಲ್ಲಿ ಮನೆಯಲ್ಲೇ ಬೇಕೆಂದರೆ ಸಾಸ್ ಬಿಸಿಯಿದ್ದಾಗಲೇ ಜರಡಿಯಲ್ಲಿ ಸೌಟಿನ ಬೆನ್ನಿನಿಂದ ಒತ್ತಿ ಸೋಸಿ, ಎಣ್ಣೆ ಸವರಿದ ಅಚ್ಚಿಗೆ ಹೊಯ್ದು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಡಬ್ಬಿಯದನ್ನೇ ಇಷ್ಟಪಡುವವರಿಗೆ ಅದರ ಮೈಮೇಲಿನ ಉಂಗುರದ ಗುರುತುಗಳೂ ಸಂಪ್ರದಾಯದ ಭಾಗ, ಚಮಚದಿಂದ ಕಲಸಿ ಕೆಡಿಸಬೇಡಿ. ಓಷನ್ ಸ್ಪ್ರೇ ಕಂಪನಿಯ ಡಬ್ಬಿಯ ಚೀಟಿ ತಲೆಕೆಳಗಾಗಿ ಅಂಟಿರುವುದು ತಪ್ಪಿನಿಂದಲ್ಲ. ಒಳಗಿನ ಗಾಳಿ ಡಬ್ಬಿಯ ದುಂಡನೆಯ ತುದಿಯಲ್ಲಿ ಉಳಿಯಲಿ, ಜೆಲ್ಲಿ ಸಲೀಸಾಗಿ ಜಾರಲಿ ಎಂದು.

ಬ್ರೆಡ್ ಸಾಸ್: ಇಂಗ್ಲಿಷರ ಗಂಜಿ

ನೋಡಲು ಬಿಳಿ ಗಂಜಿ, ಹೊರಗಿನವರಿಗೆ ಮೊದಲ ನೋಟಕ್ಕೆ ಒಗ್ಗದು. ಸಾಸನ್ನು ಬ್ರೆಡ್ಡಿನಿಂದ ಮಂದ ಮಾಡುವ ಮಧ್ಯಯುಗದ ಅಡುಗೆಯ ಪದ್ಧತಿ ಇಂಗ್ಲೆಂಡಿನಲ್ಲಿ ಇದೊಂದರಲ್ಲಿ ಗಟ್ಟಿಯಾಗಿ ಉಳಿದುಕೊಂಡಿದೆ.

600 ಮಿಲಿಲೀಟರ್ ಹಾಲಿಗೆ ಒಂದು ಈರುಳ್ಳಿ, 6 ಲವಂಗ, 8 ಕಾಳುಮೆಣಸು, ಒಂದು ಬೇ ಎಲೆ, ಒಂದು ಚೂರು ಜಾಪತ್ರೆ. ಲವಂಗವನ್ನು ಈರುಳ್ಳಿಗೆ ಮೊಳೆಯಂತೆ ಚುಚ್ಚುವುದು ಅಲಂಕಾರಕ್ಕಲ್ಲ, ಆಮೇಲೆ ಹುಡುಕುವ ಕಷ್ಟ ತಪ್ಪಲಿ ಎಂದು. ಹಾಲು ಉಕ್ಕುವ ಮುಂಚೆ ಒಲೆ ಆರಿಸಿ, ಮುಚ್ಚಳ ಹಾಕಿ 30 ನಿಮಿಷ ಬಿಡಿ. ಆಮೇಲೆ ಸೋಸಿ.

ಬ್ರೆಡ್ಡು 1-2 ದಿನ ಹಳೆಯದಿರಬೇಕು. ಅಂಚು ತೆಗೆದು ಪುಡಿ ಮಾಡಿದರೆ 100 ಗ್ರಾಂ ಸಾಕು. ಹೊಸ ಬ್ರೆಡ್ಡು ಹಾಲಿಗೆ ಬಿದ್ದೊಡನೆ ಮುದ್ದೆಯಾಗುತ್ತದೆ. ಸೋಸಿದ ಹಾಲಿಗೆ ಪುಡಿ ಉದುರಿಸಿ, ತೀರಾ ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ಮೆಲ್ಲಗೆ ತಿರುಗಿಸಿ. ಮೊದಲ 5 ನಿಮಿಷ ನೀರು ನೀರಾಗಿ ಕಂಡು ಇನ್ನೊಂದು ಹಿಡಿ ಪುಡಿ ಹಾಕೋಣ ಅನ್ನಿಸುತ್ತದೆ. ಕೈ ತಡೆಯಿರಿ. ಬ್ರೆಡ್ಡು ಹಾಲನ್ನು ನಿಧಾನವಾಗಿ ಕುಡಿಯುತ್ತದೆ. ಹಾಕಿದರೆ ಊಟದ ಹೊತ್ತಿಗೆ ಅದು ಗಾರೆ. ಸೌಟಿನಿಂದ ತಳದಲ್ಲಿ ಗೆರೆ ಎಳೆದಾಗ ಅದು ನಿಧಾನವಾಗಿ ಮುಚ್ಚಿಕೊಂಡರೆ ಸರಿ. ಮಿಕ್ಸಿ ಮಾತ್ರ ಮುಟ್ಟಬೇಡಿ, ರಭಸಕ್ಕೆ ಪಿಷ್ಟ ಅಂಟಂಟಾಗುತ್ತದೆ.

ಕೊನೆಗೆ 40 ಗ್ರಾಂ ಬೆಣ್ಣೆ, 2 ದೊಡ್ಡ ಚಮಚ ಕ್ರೀಮ್, ಉಪ್ಪು, ಚಿಟಿಕೆ ಜಾಯಿಕಾಯಿ ತುರಿ. ಬೆಣ್ಣೆಯಲ್ಲಿ ಒಂದು ತುಂಡು ಉಳಿಸಿಕೊಂಡು ಮೇಲೆ ಹರಡಿದರೆ ಕೆನೆ ಕಟ್ಟುವುದಿಲ್ಲ.

ಹಾರ್ಸ್‌ರ್ಯಾಡಿಷ್: ಕಿಟಕಿ ತೆರೆದಿಟ್ಟು

ಟರ್ಕಿಯ ಬದಲು ದನದ ಪಕ್ಕೆಲುಬಿನ ರೋಸ್ಟ್ ಮಾಡುವ ಮನೆಗಳಿಗೆ ಇದು ಬೇಕು. ಇಡೀ ಗೆಡ್ಡೆಗೆ ವಾಸನೆಯೇ ಇಲ್ಲ. ತುರಿದಾಗ ಜೀವಕೋಶ ಒಡೆದು ಒಳಗಿನ ಕಿಣ್ವ ಖಾರದ ಎಣ್ಣೆ ಹುಟ್ಟಿಸುತ್ತದೆ, ಕಣ್ಣು ಮೂಗು ಒಟ್ಟಿಗೇ ಸುರಿಯುತ್ತವೆ. ವಿನೆಗರ್ ಬಿದ್ದೊಡನೆ ಆ ಕೆಲಸ ನಿಲ್ಲುತ್ತದೆ. ಹಾಗಾಗಿ ಖಾರ ಕಡಿಮೆ ಬೇಕಾದವರು ತುರಿದ ತಕ್ಷಣ, ಜೋರು ಬೇಕಾದವರು 3 ನಿಮಿಷ ಕಾದು ವಿನೆಗರ್ ಹಾಕಲಿ. 50 ಗ್ರಾಂ ತುರಿಗೆ 1 ದೊಡ್ಡ ಚಮಚ ಬಿಳಿ ವಿನೆಗರ್, ಉಪ್ಪು, ಚಿಟಿಕೆ ಸಕ್ಕರೆ, 150 ಮಿಲಿಲೀಟರ್ ದಪ್ಪ ಕ್ರೀಮ್. ಬಿಸಿ ಮಾಡಿದರೆ ಖಾರ ಹಾರಿಹೋಗುತ್ತದೆ.

ಸ್ವೀಡನ್ನಿನಲ್ಲಿ ಹಬ್ಬದ ಹ್ಯಾಮ್‌ಗೆ ಸಾಸಿವೆ ಬೇಕು. ಕೆಲವು ಮನೆಗಳಲ್ಲಿ ನೆನೆದ ಸಾಸಿವೆಯನ್ನು ಬೋಗುಣಿಯಲ್ಲಿ ಕಬ್ಬಿಣದ ಗುಂಡು ಹಾಕಿ, ಬೋಗುಣಿಯನ್ನು ತೊಡೆಯ ಮೇಲಿಟ್ಟು ಗುಂಡು ಸುತ್ತಿಸಿ ಅರೆಯುವ ರೂಢಿಯಿದೆ. ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ನೆನೆಹಾಕಲು ತಣ್ಣೀರೇ ಇರಲಿ. ಬಿಸಿನೀರು ಹಾಕಿದರೆ ಖಾರ ಹುಟ್ಟುವುದೇ ಇಲ್ಲ. ಅರೆದಾಗ ಕಹಿಯಿದ್ದರೆ ಗಾಬರಿ ಬೇಡ, ಕೆಲವು ದಿನ ಇಟ್ಟರೆ ಇಳಿಯುತ್ತದೆ.

ಬ್ರಾಂಡಿ ಬೆಣ್ಣೆ ಪುಡಿಂಗಿಗೆ: 100 ಗ್ರಾಂ ಮೆತ್ತಗಿನ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ ಬಿಳಿಯಾಗುವವರೆಗೆ ಕಡೆದು, 3 ದೊಡ್ಡ ಚಮಚ ಬ್ರಾಂಡಿಯನ್ನು ಸಣ್ಣ ಚಮಚದಲ್ಲಿ ಒಂದೊಂದಾಗಿ ಸೇರಿಸಿ. ಒಮ್ಮೆಗೇ ಸುರಿದರೆ ಒಡೆಯುತ್ತದೆ. ಒಡೆದರೆ ಬಟ್ಟಲನ್ನು ಬಿಸಿನೀರಿನ ಮೇಲೆ ಅರೆಗಳಿಗೆ ಹಿಡಿದು ಮತ್ತೆ ಕಡೆಯಿರಿ.

ಅಜ್ಜಿಯ ಕೈಬರಹದ ಚೀಟಿ ನೋಡಿ ಮಾಡುವವರು ಅಳತೆಯನ್ನು ಒಮ್ಮೆ ಗಮನಿಸಿ. ‘ಒಂದು ಪಿಂಟ್ ಹಾಲು’ ಎಂದು ಬರೆದ ಅಜ್ಜಿ ಇಂಗ್ಲೆಂಡಿನವರಾದರೆ ಅದು 568 ಮಿಲಿಲೀಟರ್, ಅಮೆರಿಕದವರಾದರೆ 473. ಸುಮಾರು 100 ಮಿಲಿಲೀಟರಿನ ವ್ಯತ್ಯಾಸಕ್ಕೆ ಬ್ರೆಡ್ ಸಾಸ್ ಗಂಜಿಯಿಂದ ಮುದ್ದೆಗೆ ತಿರುಗುತ್ತದೆ. ಹದ ಬಂದ ವರ್ಷ ಗ್ರಾಂ ಲೆಕ್ಕವನ್ನು ಅದೇ ಚೀಟಿಯ ಹಿಂಬದಿಗೆ ಬರೆದಿಡಿ.

ಉಳಿದ ಬ್ರೆಡ್ ಸಾಸ್ ಫ್ರಿಜ್‌ನಲ್ಲಿ ಗಡುಸಾಗುತ್ತದೆ. ಮರುದಿನ ಸ್ವಲ್ಪ ಹಾಲು ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸಿ, ಅಥವಾ ಗಡುಸಾಗಿರುವಾಗಲೇ ಟರ್ಕಿ, ಕ್ರ್ಯಾನ್‌ಬೆರಿ ಜೊತೆ ಸ್ಯಾಂಡ್‌ವಿಚ್‌ಗೆ ಬಳಿಯಿರಿ.